ತೋಲೋಲಿಂಗದ ಪದಾತಿವೀರರು



ಶೌರ್ಯವೆಂದೊಡನೆ ನಮ್ಮ ಸೀಮೆಯವರಿಗೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರೇ ನೆನಪಾಗುವರು. 1857ರಲ್ಲಿ ಆಯುಧಗಳನ್ನೊಪ್ಪಿಸಲೊಲ್ಲದೆ ಸೆಣಸಿದ ಆ ಶೂರರಿಗೆ ದೊರೆತದ್ದು ಗಲ್ಲುಗಂಬ, ಪದಕವಲ್ಲ. ಪದಕ ಪಡೆದ ಶೌರ್ಯವೊಂದನ್ನು ಈ ಹೊತ್ತು ಅರಿಕೆ ಮಾಡುವೆನು. ಅದರ ನಾಯಕರು ದಾವಣಗೆರೆಯ ಕರ್ನಲ್ ಮಾಗೋಡ ಬಸಪ್ಪ ರವೀಂದ್ರನಾಥರು. ಅವರು ಕಲಿತದ್ದು ಜಮಖಂಡಿಗೆ ನೆರೆಯದಾದ ವಿಜಯಪುರದ ಸೈನಿಕ ಶಾಲೆಯಲ್ಲಿ. ಆದುದರಿಂದ ಅವರನ್ನು ನಮ್ಮವರೆನ್ನಲು ನನಗೆ ಸಂಕೋಚವಿಲ್ಲ.

1999ನೆಯ ಇಸವಿಯ ಕಾರ್ಗಿಲ್ ಯುದ್ಧ. ದ್ರಾಸ್ ಊರಿನ ನೆತ್ತಿಯ ಮೇಲೆ 4,590 ಮೀಟರ್ ಎತ್ತರದ ತೋಲೋಲಿಂಗವೆಂಬ ಶಿಖರವಿರುವದು. ಶ್ರೀನಗರದಿಂದ ಲೇಹಕ್ಕೆ ಹೋಗುವ ಹೆದ್ದಾರಿಯು ಅದರ ದೃಷ್ಟಿಯಲ್ಲಿಯೇ ಹಾಯುವದು. ವೈರಿಯು ಆ ತುದಿಯನ್ನು ಹಿಡಿದು ಕುಳಿತಿರಲು, ಕೆಳಗಿನಿಂದ ಏರುವವನಿಗೆ ಮರೆಯೆಂಬುದೇ ಇಲ್ಲ. ಉಸಿರಿಗೆ ಸಾಕಷ್ಟು ಗಾಳಿಯೂ ಇಲ್ಲ. 18ನೆಯ ಗ್ರೆನೇಡಿಯರ್ಸ್ ಪಡೆಯು ವಾರಗಟ್ಟಲೆ ಕಾದಿತು. ಮೇಜರ್ ರಾಜೇಶ ಅಧಿಕಾರಿ, ಲೆಫ್ಟಿನೆಂಟ್ ಕರ್ನಲ್ ವಿಶ್ವನಾಥನ್ ಇವರು ಅಲ್ಲಿಯೇ ಮಡಿದರು. ಗೆದ್ದವರನ್ನು ಹೊಗಳುವ ಭರದಲ್ಲಿ ಜನರು ಇವರನ್ನು ಮರೆಯುವದುಂಟು, ಅದು ಸಲ್ಲದು. ಇವರ ಪಡೆಯು ಪ್ರಾಣ ತೆತ್ತು ಹಿಡಿದ ನೆಲೆಗಳಿಂದಲೇ ಕಡೆಯ ದಾಳಿಯು ಹೊರಟಿತು.

ಆ ದಾಳಿಯ ಹೊಣೆ ಬಿದ್ದದ್ದು ರವೀಂದ್ರನಾಥರು ಅಧಿಪತಿಯಾಗಿದ್ದ 2ನೆಯ ರಾಜಪುತಾನಾ ರೈಫಲ್ಸ್ ಪಡೆಯ ಮೇಲೆ. ಜೂನ್ 12ರಂದು ಬೋಫೋರ್ಸ್ ಮೊದಲಾದ ಫಿರಂಗಿಗಳು ಶಿಖರವನ್ನು ಜಜ್ಜಿದವು. ಆದರೆ ಫಿರಂಗಿಯು ಬೆಟ್ಟವನ್ನು ಜಜ್ಜಬಲ್ಲದೇ ಹೊರತು ಹಿಡಿಯಲಾರದು. ಹಿಡಿಯುವದಕ್ಕೆ ಕಾಲಾಳೇ ಬೇಕು. ರಾತ್ರಿ ಕಾಲಾಳುಗಳು ಏರಿದರು. ಮೇಜರ್ ವಿವೇಕ ಗುಪ್ತರು ಗುಂಡು ತಗುಲಿದ ಮೇಲೆಯೂ ಮುನ್ನುಗ್ಗಿ ಕಾದಿ ಮಡಿದರು. ನಾಯಕ್ ದಿಗೇಂದ್ರ ಕುಮಾರರು ಗಾಯಗೊಂಡೂ ಹಿಂದೆಗೆಯಲಿಲ್ಲ. 13ರಂದು ಶಿಖರವು ನಮ್ಮದಾಯಿತು. ಆ ಯುದ್ಧದಲ್ಲಿ ಮೊದಲ ದೊಡ್ಡ ಗೆಲವು ಅದೇ.

ಗುಪ್ತರಿಗೆ ಮರಣೋತ್ತರವಾಗಿಯೂ ದಿಗೇಂದ್ರರಿಗೂ ಮಹಾವೀರ ಚಕ್ರ. ಅಧಿಪತಿಗೆ ವೀರ ಚಕ್ರ. ಅಧಿಪತಿಗಿಂತ ಆತನ ಕೈಕೆಳಗಿನ ನಾಯಕ್‌ನ ಪದಕವು ಹಿರಿದಾಯಿತೆಂದು ಯಾರಾದರೂ ಹುಬ್ಬೇರಿಸಬಹುದು. ನನಗಂತೂ ಈ ಏರ್ಪಾಡು ಬಹಳ ಮೆಚ್ಚಿಗೆಯಾಗಿದೆ. ಪದವಿಯನ್ನು ನೋಡದೆ ಕಾರ್ಯವನ್ನು ನೋಡಿ ಕೊಟ್ಟ ಮನ್ನಣೆಯಿದು.

ಅಧಿಪತಿಯ ಶೌರ್ಯವಾದರೋ ಬೇರೆ ತೆರನಾದದ್ದು. ತಾನೇ ಬೆಳೆಸಿದ ಹುಡುಗರಲ್ಲಿ ಯಾರನ್ನು ಮುಂದೆ ಕಳುಹುವದೆಂದು ಆತನೇ ನಿರ್ಣಯಿಸಬೇಕು. ತೋಲೋಲಿಂಗದ ಗಾಯ ಮಾಯುವ ಮೊದಲೇ, ಜೂನ್ 28ರ ಬೆಳದಿಂಗಳ ರಾತ್ರಿ, ತ್ರೀ ಪಿಂಪಲ್ಸ್ ಎಂಬ ಮುಮ್ಮೊನೆಯ ಬೆಟ್ಟಕ್ಕೆ ಅವರು ಅದೇ ಪಡೆಯನ್ನು ಮತ್ತೆ ಕಳುಹಬೇಕಾಯಿತು. ಬೆಟ್ಟವು ವಶವಾಯಿತು. ಆದರೆ ಮೇಜರ್ ಪದ್ಮಪಾಣಿ ಆಚಾರ್ಯ, ಇಪ್ಪತ್ತೆರಡು ವಯಸ್ಸಿನ ವಿಜಯಂತ ಥಾಪರ್, ನಾಗಾಲ್ಯಾಂಡಿನ ಕ್ಯಾಪ್ಟನ್ ಕೆಂಗುರುಸೆ ಈ ಮೂವರೂ ಮರಳಲಿಲ್ಲ. ಬಂಡೆಯ ಮೇಲೆ ಬೂಟುಗಾಲು ಜಾರಲು, ಕೆಂಗುರುಸೆಯು ಆ ಕೊರೆಯುವ ಚಳಿಯಲ್ಲಿ ಬೂಟುಗಳನ್ನು ಕಳಚಿ ಬರಿಗಾಲಿನಿಂದ ಏರಿದನು.

ರವೀಂದ್ರನಾಥರು ಆ ಬೆಟ್ಟಗಳಿಂದ ಇಳಿದು ಬಂದರು. 2018ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಕಾಲವಾದರು.