ಎಂಜಿನಿಲ್ಲದ ವಿಮಾನದಲ್ಲಿ ದೂರಪಯಣ



ಜಾಲಹಳ್ಳಿಯ ನಿವಾಸಿಗಳಿಗೆ ವಿಮಾನದ ಸದ್ದು ಹೊಸದಲ್ಲ. 1949ರಲ್ಲಿ ಆರಂಭವಾದ ವಾಯುಪಡೆಯ ತಾಂತ್ರಿಕ ಕಾಲೇಜು ಇಲ್ಲಿಯೇ ಇದೆ; ಯಲಹಂಕ, ಜಕ್ಕೂರುಗಳೂ ದೂರವಲ್ಲ. ಆದರೆ ಎಂಜಿನ್ನಿನ ಸದ್ದೇ ಇಲ್ಲದೆ ಹಾರುವ ವಿಮಾನವೊಂದುಂಟು. ಅದೇ ಗ್ಲೈಡರ್. ನಡುಹಗಲಿನಲ್ಲಿ ರೆಕ್ಕೆ ಬಡಿಯದೆ ನಮ್ಮ ನೆತ್ತಿಯ ಮೇಲೆ ಸುತ್ತುವ ಹದ್ದೇ ಅದಕ್ಕೆ ಗುರು. ಕಾದ ನೆಲದಿಂದೇಳುವ ಬಿಸಿಗಾಳಿಯಲ್ಲಿ ಸುತ್ತುತ್ತ ಏರುವುದು, ಗಳಿಸಿದ ಎತ್ತರವನ್ನು ವ್ಯಯಿಸುತ್ತ ಮುಂದೆ ಜಾರುವುದು, ಮತ್ತೆ ಬಿಸಿಗಾಳಿಯನ್ನು ಅರಸುವುದು: ಇದೇ ಆ ವಿದ್ಯೆಯ ಸಾರ.

ಈ ವಿದ್ಯೆಯಲ್ಲಿ ಬೆಳ್ಳಿಯ ಬ್ಯಾಡ್ಜು ಪಡೆಯಲು 5 ಗಂಟೆ ಆಕಾಶದಲ್ಲಿರಬೇಕು, 50 ಕಿಲೋಮೀಟರು ಸಾಗಬೇಕು, 1000 ಮೀಟರು ಏರಬೇಕು. 1964ರಲ್ಲಿ ಅಮೆರಿಕದ ಆಲ್ ಪಾರ್ಕರ್ ಒಂದೇ ಹಾರಾಟದಲ್ಲಿ ಸಾವಿರ ಕಿಲೋಮೀಟರು ದಾಟಿದರು. ಪುಷ್ಪಕವಿಮಾನವನ್ನು ವರ್ಣಿಸಿದ ಕವಿಗಳಿಗೆ ರತ್ನಖಚಿತ ಆಸನ ಕಂಡಿತೇ ಹೊರತು, ಅದರಲ್ಲಿ ಕುಳಿತವರ ಸೊಂಟನೋವು ಕಾಣಲಿಲ್ಲ! ಗ್ಲೈಡರಿನಲ್ಲಿ ಎದ್ದು ಮೈಮುರಿಯಲು ಎಡೆಯಿಲ್ಲ. ಆದ್ದರಿಂದ ಸಿದ್ಧತೆಯೆಲ್ಲ ನೆಲದ ಮೇಲೆಯೇ ಆಗಬೇಕು.

ಮೊದಲು ಆಸನ. ಮೆತ್ತನೆಯ, ಪುಟಿಯುವ ದಿಂಬು ಹಿತವೆನಿಸಿದರೂ ಅಪಾಯಕಾರಿ. ನೆಲಕ್ಕೆ ಬಡಿದಿಳಿದಾಗ ಅದು ಬೆನ್ನುಮೂಳೆಗೆ ಪೆಟ್ಟನ್ನು ಹೆಚ್ಚಿಸುತ್ತದೆ. ಆಘಾತವನ್ನು ಹೀರುವ ಗಟ್ಟಿ ಫೋಮು ಲೇಸು. ಟೊಪ್ಪಿಗೆ ಅಗಲವಾದ ಅಂಚಿದ್ದರೆ ಮೇಲಿರುವ ಬೇರೆ ಗ್ಲೈಡರು ಮರೆಯಾಗುತ್ತದೆ. ನೆಲದ ಮೇಲೆ ಸೆಕೆಯೆಂದು ತೆಳುವಸ್ತ್ರವನ್ನಷ್ಟೇ ತೊಟ್ಟರೆ ಸಾಲದು. ಮೋಡದ ಕೆಳಗೆ ಒಣಗಾಳಿಯು 1000 ಮೀಟರು ಏರಿದಾಗ ಸುಮಾರು 10 ಡಿಗ್ರಿ ತಣ್ಣಗಾಗುತ್ತದೆ. ನೆರಳಿನಲ್ಲಿರುವ ಪಾದಗಳಿಗೆ ಕಾಲುಚೀಲ ಬೇಕು. ನಕ್ಷೆ, ಮೊಬೈಲು, ತಿಂಡಿಯ ಪೊಟ್ಟಣ ಎಲ್ಲವನ್ನೂ ಭದ್ರಪಡಿಸಬೇಕು. ಸಡಿಲವಾದ ವಸ್ತುವೊಂದು ಉರುಳಿ ಚಾಲನದಂಡಕ್ಕೆ ಅಡ್ಡಬಂದರೆ ಅನಾಹುತವೇ ಸರಿ. ಬಿಸಿಗಾಳಿ ಸಿಕ್ಕದೆ ಕೊಯ್ದ ರಾಗಿಹೊಲದಲ್ಲಿ ಇಳಿಯಬೇಕಾಗಿ ಬಂದೀತು. ಅಲ್ಲಿಂದ ನಡೆಯಲು ಗಟ್ಟಿಯಾದ ಪಾದರಕ್ಷೆಯೂ ಇರಲಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ಮೂತ್ರಬಾಧೆಗೆ ಅಂಜಿ ನೀರು ಕುಡಿಯದೆ ಹಾರುವವರುಂಟು. ನೀರು ಕಡಿಮೆಯಾದ ದೇಹದಲ್ಲಿ ತಲೆನೋವು, ಆಯಾಸ, ಬಳಿಕ ವಿವೇಚನೆಯ ಮಂಕು ಒಂದರ ಹಿಂದೊಂದು ಬರುತ್ತವೆ. ಅದೂ ಯಾವಾಗ? ಐದನೆಯ ಗಂಟೆಯಲ್ಲಿ, ಇಳಿಯುವ ಹೊತ್ತಿಗೆ! ಎಂಜಿನಿರುವ ವಿಮಾನ ಮತ್ತೊಂದು ಸುತ್ತು ಹಾಕಬಹುದು. ಸಾಮಾನ್ಯ ಗ್ಲೈಡರಿಗೆ ಆ ಅವಕಾಶವಿಲ್ಲ. ಆದ್ದರಿಂದ ಕೊಳವೆಯುಳ್ಳ ನೀರಿನ ಚೀಲವನ್ನು ಹೆಗಲ ಬಳಿ ಇರಿಸಿ, ಬಾಯಾರುವ ಮೊದಲೇ ಗುಟುಕು ಗುಟುಕಾಗಿ ಕುಡಿಯಬೇಕು. ಮೂತ್ರಕ್ಕೆ ಬಾಯಿ ಮುಚ್ಚುವ ಪ್ಲಾಸ್ಟಿಕ್ ಚೀಲವೋ, ಹೀರುವ ಒಳವಸ್ತ್ರವೋ ಇರಬೇಕು. ಅದನ್ನು ಬಳಸುವ ಅಭ್ಯಾಸವೂ ನೆಲದ ಮೇಲೆಯೇ ಆಗಿರಬೇಕು.

ಕನ್ನಡದ ಮೇಷ್ಟರಿಗೆ ಈ ವಿಷಯವೇಕೆ ಎಂದು ನೀವು ಕೇಳಬಹುದು. ಶೌಚಾಲಯವಿಲ್ಲವೆಂದು ಹಗಲೆಲ್ಲ ಬಾಯಾರಿಕೆಯನ್ನು ನುಂಗಿ ಪಾಠ ಕೇಳುವ ಹೆಣ್ಣುಮಕ್ಕಳು, ದೂರದ ಬಸ್ಸಿನಲ್ಲಿ ನೀರು ಮುಟ್ಟದೆ ಕೂರುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಅವರದು ಅವ್ಯವಸ್ಥೆ ತಂದ ಕಷ್ಟ. ಹಾರುವವನದು ಸಂಕೋಚ ತಂದದ್ದು. ದೇಹದ ಸಹಜ ಅಗತ್ಯವನ್ನು ನಾಚಿಕೆಯೆಂದು ಮುಚ್ಚಿಡುವವರೆಗೆ ಎರಡೂ ನೀಗವು. ಅದನ್ನು ಸರಳವಾದ ಮಾತಿನಲ್ಲಿ ಆಡಲು ಕಲಿಸುವುದು ಭಾಷೆ ಕಲಿಸುವವನ ಕೆಲಸವೂ ಹೌದು.