ಮಳೆ ಯಾವಾಗ ಬಂತು?

ಅರಸೀಕೆರೆಯ ಬಳಿಯ ಮಾಲೇಕಲ್ಲು ತಿರುಪತಿಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಅದನ್ನು 'ಮಳೆಕಲ್ಲು' ಎಂದೂ ಓದಬಹುದು. ಮುಗಿಲು ನೋಡುತ್ತ ಕೂರುವ ಬಯಲುಸೀಮೆಯ ಊರಿಗೆ ಇದೊಂದು ವಿನೋದ. ಆ ಕಡೆಯ ಮಳೆಯನ್ನು ನಾನು ಇಂಗ್ಲಿಷ್ ವಾಕ್ಯದೊಳಕ್ಕೆ ಇಳಿಸಲು ಹೋಗಿ ಪಟ್ಟ ಫಜೀತಿಯೇ ಇಂದಿನ ವಿಷಯ.

ನಾನು ಹೊಸದಾಗಿ ಅಧ್ಯಾಪಕನಾಗಿದ್ದ ಕಾಲ. ಮಾಲೇಕಲ್ಲಿನ ಆಷಾಢದ ತೇರು ಮುಗಿದಿತ್ತು. ಅಲ್ಲಿಯ ವೃದ್ಧ ಗೌಡರೊಬ್ಬರು ಬಂದು, "ಮೇಷ್ಟ್ರೇ, ಆರಿದ್ರೆ ಹೋಯ್ತು. ಪುನರ್ವಸು ಒಂದು ಹನಿ ಹಾಕ್ಲಿಲ್ಲ. ಸಾಲದ ಕಂತಿಗೆ ವಾಯಿದೆ ಕೇಳಿ ಒಂದು ಕಾಗದ ಬರ್ಕೊಡಿ" ಎಂದರು. ಸಾಲ ಕೊಟ್ಟ ಸಂಸ್ಥೆಯ ಅಧಿಕಾರಿಗೆ ಕನ್ನಡ ಬಾರದು. ನಾನು ಬಹು ಗಾಂಭೀರ್ಯದಿಂದ 'ದಿ ರೇನ್ ಈಸ್ ನಾಟ್ ಕಮಿಂಗ್' ಎಂದು ಬರೆದುಕೊಟ್ಟೆ. ಮನಸ್ಸಿನಲ್ಲಿದ್ದುದು 'ಮಳೆ ಬರುತ್ತಿಲ್ಲ' ಎಂಬ ಸಾಧುವಾದ ಕನ್ನಡ ವಾಕ್ಯ.

ಕಾಗದ ಆ ಮೇಜನ್ನು ಮುಟ್ಟಿದ ದಿನ ಹೊರಗೆ ಪುಷ್ಯದ ಮಳೆ ಜಿನುಗುತ್ತಿತ್ತಂತೆ. ಅಧಿಕಾರಿ ಕಿಟಕಿಯ ಕಡೆ ನೋಡಿ, ಕಾಗದವನ್ನು ಹಿಂದಿರುಗಿಸಿದರು. ಅವರನ್ನು ದೂರಲಾರೆ. ನನ್ನ ವಾಕ್ಯ ಹೇಳಿದ್ದು ಆ ಗಳಿಗೆಯ ಮಾತನ್ನು ಮಾತ್ರ.

ಇಂಗ್ಲಿಷ್ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು ನಗುತ್ತ ತಿದ್ದಿದರು. ಮೊದಲ ಕಾಗದದಲ್ಲಿ 'ಇಟ್ ಹ್ಯಾಸ್ ನಾಟ್ ರೇನ್ಡ್ ಸಿನ್ಸ್' ಎಂದು ತೊಡಗಿ, ಜೂನ್ ತಿಂಗಳ ಮೂರನೆಯ ವಾರವನ್ನು ಹೇಳಬೇಕಾಗಿತ್ತು. ಅಂದಿನಿಂದ ಈ ತನಕ ಎಂಬ ಅರ್ಥ ಆ 'ಹ್ಯಾಸ್'ನಲ್ಲಿದೆ. ಆದರೆ ಈಗ ಮಳೆ ಬಂದುಬಿಟ್ಟಿದೆ. ಆ ರೂಪವೂ ಸುಳ್ಳಾಯಿತು. ಇನ್ನು 'ಇಟ್ ಡಿಡ್ ನಾಟ್ ರೇನ್' ಎಂದು ಮುಗಿದ ಭೂತಕಾಲವನ್ನೇ ಹಿಡಿದು, ಎಂದಿನಿಂದ ಎಂದಿನವರೆಗೆ ಎಂದು ಎರಡು ತೇದಿಗಳನ್ನು ಕೊಡಬೇಕು. ಒಂದೇ ಅನಾವೃಷ್ಟಿಗೆ ಹದಿನೈದು ದಿನದಲ್ಲಿ ಎರಡು ಕ್ರಿಯಾರೂಪ!

ನನಗೆ ಆಗ ಹೊಳೆದದ್ದು ಗೌಡರ ಮಾತಿನ ಬೆಲೆ. ಅವರ ವಾಕ್ಯದಲ್ಲಿ ಕಾಲವಿದ್ದದ್ದು ಕ್ರಿಯಾಪದದಲ್ಲಲ್ಲ, ಮಳೆಯ ಹೆಸರಿನಲ್ಲಿ. ಆರಿದ್ರೆ ಎಂದರೆ ಜೂನ್ 22ರ ಸುಮಾರಿನಿಂದ ಎರಡು ವಾರ. ಅದರ ಹಿಂದೆಯೇ ಪುನರ್ವಸು, ಬಳಿಕ ಪುಷ್ಯ. ಹೆಸರೇ ಪಂಚಾಂಗವಾದಾಗ ಕ್ರಿಯಾಪದ ನಿಶ್ಚಿಂತೆಯಿಂದಿರಬಹುದು. ಹಳಗನ್ನಡದ ನಿಷೇಧರೂಪಕ್ಕಂತೂ ಕಾಲದ ಹಂಗೇ ಇಲ್ಲ: 'ಬಾರದು' ಎಂದರೆ ಬರಲಿಲ್ಲ, ಬರುವುದಿಲ್ಲ ಎರಡೂ ಆದೀತು. ಇಂಗ್ಲಿಷಿನ ವಾಕ್ಯದಲ್ಲಿ ಮಳೆಗೆ ಹೆಸರಿರಲಿ, ಕರ್ತೃವೇ ಇಲ್ಲ. ಆ ಸ್ಥಾನದಲ್ಲಿ 'ಇಟ್' ಎಂಬ ಬರಿಯ ಬೊಂಬೆ. ಆದ್ದರಿಂದ ಕಾಲದ ಹೊರೆಯೆಲ್ಲ ಕ್ರಿಯಾಪದದ ಹೆಗಲಿಗೆ.

ನಮ್ಮ ಮಾತಿನ ಸೊಗಸು ಇನ್ನೊಂದಿದೆ. ಗುಡ್ಡದ ಮೇಲೆ ಮೋಡ ಕಂಡೊಡನೆ ಅಂಗಳದಲ್ಲಿ ರಾಗಿ ಹರವಿದ ತಾಯಿ "ಮಳೆ ಬಂತು, ಬಂತು!" ಎಂದು ಕೂಗುತ್ತಾಳೆ. ಒಂದು ಹನಿಯೂ ಬಿದ್ದಿರುವುದಿಲ್ಲ. ಬರಲಿರುವುದನ್ನು ಬಂದದ್ದೆಂದೇ ಹೇಳುವ ಈ ಭೂತಕಾಲವನ್ನು ಹುಡುಗರು ಇಂಗ್ಲಿಷಿನಲ್ಲಿ 'ರೇನ್ ಕೇಮ್' ಎಂದರೆ, ಕೇಳಿದವನು ಒದ್ದೆ ನೆಲವನ್ನು ಹುಡುಕುತ್ತಾನೆ. ಅಲ್ಲಿ ಹೇಳಬೇಕಾದ್ದು 'ಇಟ್ ಈಸ್ ಗೋಯಿಂಗ್ ಟು ರೇನ್'. ಹಾಗೆಯೇ 'ಬೆಳಗಿನಿಂದ ಮಳೆ ಬರುತ್ತಿದೆ' ಎಂಬುದು ನಮಗೆ ವರ್ತಮಾನ. ಅವರಿಗೆ 'ಹ್ಯಾಸ್ ಬೀನ್ ರೇನಿಂಗ್'.

ಪದರೂಪಗಳ ತೊಡಕು ಇದಕ್ಕಿಂತ ಚಿಕ್ಕದು. 'ಮೋಡ ಕವಿದಿದೆ' ಎಂಬಲ್ಲಿ ನಮಗೆ ನಾಮಪದವೂ ಕ್ರಿಯಾಪದವೂ ಬೇಕು. ಅವರಿಗೆ 'ಕ್ಲೌಡಿ' ಎಂಬ ಒಂದೇ ಗುಣವಾಚಕ ಸಾಕು. ದಿನ 'ರೇನಿ', ಆಕಾಶ 'ರೇನಿಂಗ್' ಅಲ್ಲ. ಆದರೆ ಚಳಿಯ ವಿಷಯದಲ್ಲಿ ಎಚ್ಚರ ಬೇಕು: 'ನನಗೆ ಚಳಿ' ಎಂಬುದನ್ನು 'ಐ ಹ್ಯಾವ್ ಎ ಕೋಲ್ಡ್' ಎಂದರೆ ಕಂಬಳಿಯ ಬದಲು ನೆಗಡಿಯ ಕಷಾಯ ಬರುತ್ತದೆ.

ಎರಡನೆಯ ಕಾಗದಕ್ಕೆ ವಾಯಿದೆ ದೊರೆಯಿತು. ಅಷ್ಟರಲ್ಲಿ ಗೌಡರು ಕರೆಯುವ ಎಮ್ಮೆಯನ್ನು ಸಂತೆಯಲ್ಲಿ ಮಾರಿ ಕಂತು ಕಟ್ಟಿಬಿಟ್ಟಿದ್ದರು. ತಿದ್ದಿದ ಕಾಗದವನ್ನು ನಾನು ಕನ್ನಡದಲ್ಲಿ ಓದಿ ಹೇಳಿದಾಗ ಅವರು ಸುಮ್ಮನೆ ಕೇಳಿದರು: "ಅಲ್ಲ ಮೇಷ್ಟ್ರೇ, ಆರಿದ್ರೆ ಅಂತ ನಾನು ಅವತ್ತೇ ಹೇಳಿದ್ನಲ್ಲಾ?"