ಜಗಲಿಯ ರಿಪೇರಿ, ಹಳ್ಳದ ನೀರು
(ಭಾಷಣದ ಪಠ್ಯ)



ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಅಂಗಳದ ಕೆಲಸಗಳೆಲ್ಲ ಮನೆಯ ಒಳಗೆ ಬರುತ್ತವೆ. ಔಷಧಿ ಹೊಡೆಯುವ ಪಂಪು ಜಗಲಿ ಏರುತ್ತದೆ. ಕಳೆ ಕೊಚ್ಚುವ ಯಂತ್ರ ಚಾವಡಿಯ ಮೂಲೆ ಸೇರುತ್ತದೆ. ಬೈಕಿನ ಕಾರ್ಬುರೇಟರನ್ನು ಹಳೆಯ ವೃತ್ತಪತ್ರಿಕೆಯ ಮೇಲೆ ಬಿಚ್ಚಿ ಹರಡಲಾಗುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಇದು ಅನಿವಾರ್ಯ. ಪೇಟೆಯ ಮೆಕ್ಯಾನಿಕ್ ದೂರದಲ್ಲಿರುತ್ತಾನೆ, ಹೊಳೆ ಉಕ್ಕಿದ ದಿನ ಬಸ್ಸು ಬರುವುದಿಲ್ಲ, ಆದರೆ ಅಡಿಕೆಯ ಕೊಳೆರೋಗ ಯಾರಿಗಾಗಿಯೂ ಕಾಯುವುದಿಲ್ಲ. ಆದ್ದರಿಂದಲೇ ಮಲೆನಾಡಿನ ಕೃಷಿಕರಲ್ಲಿ ಅನೇಕರು ಅರ್ಧ ಮೆಕ್ಯಾನಿಕರೂ ಆಗಿದ್ದಾರೆ.

ಈ ಗುಣ ಮೆಚ್ಚತಕ್ಕದ್ದು. ಒಂದು ವಾಷರ್ ಸವೆಯಿತೆಂದು ಇಡೀ ಪಂಪನ್ನೇ ಗುಜರಿಗೆ ಹಾಕುವುದು ಪರಿಸರಕ್ಕೆ ಮಾಡುವ ಅಪಚಾರ. ಹೊಸ ಯಂತ್ರವೊಂದು ತಯಾರಾಗಬೇಕಾದರೆ ಎಲ್ಲಿಯೋ ಒಂದು ಗುಡ್ಡವನ್ನು ಅಗೆಯಬೇಕು, ಅದಿರನ್ನು ಕರಗಿಸಬೇಕು, ಕಲ್ಲಿದ್ದಲನ್ನು ಉರಿಸಬೇಕು. ಹಳೆಯ ಯಂತ್ರ ಇನ್ನೈದು ವರ್ಷ ದುಡಿದರೆ ಅಷ್ಟು ಕಾಲ ಆ ಗುಡ್ಡ ಉಳಿಯುತ್ತದೆ. ಭಾರತ ಸರ್ಕಾರವೂ 2022ರಲ್ಲಿ ದುರಸ್ತಿಯ ಹಕ್ಕಿನ ಕುರಿತು ಒಂದು ಸಮಿತಿಯನ್ನು ರಚಿಸಿತು. ಕೃಷಿ ಉಪಕರಣಗಳು ಅದರ ವ್ಯಾಪ್ತಿಯಲ್ಲಿ ಸೇರಿವೆ. ದುರಸ್ತಿ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಅದನ್ನು ಎಲ್ಲಿ ಕುಳಿತು ಮಾಡಬೇಕು, ಅದರ ಕೊಳೆ ಎಲ್ಲಿಗೆ ಹೋಗಬೇಕು ಎಂಬುದೇ ಇಂದಿನ ವಿಷಯ.

ಮೊದಲನೆಯದು ಸುಟ್ಟ ಆಯಿಲ್. ಬೈಕಿನ ಆಯಿಲ್ ಬದಲಿಸಿದಾಗ ಸುಮಾರು ಒಂದು ಲೀಟರ್ ಕಪ್ಪು ದ್ರವ ಹೊರಬರುತ್ತದೆ; ಜೀಪಿನದಾದರೆ ಅದಕ್ಕಿಂತ ಹಲವು ಪಟ್ಟು. ಅದನ್ನು ಬಚ್ಚಲಿಗೋ ಅಂಗಳದ ಅಂಚಿಗೋ ಚೆಲ್ಲಿದರೆ ಮಳೆನೀರು ಅದನ್ನು ತೋಟದ ಕಾಲುವೆಗೆ ಒಯ್ಯುತ್ತದೆ, ಕಾಲುವೆ ಹಳ್ಳಕ್ಕೆ, ಹಳ್ಳ ಹೊಳೆಗೆ. ಒಂದು ಗ್ಯಾಲನ್ ಸುಟ್ಟ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೀಡುವ ಎಚ್ಚರಿಕೆ. ಲೀಟರಿಗೂ ಇದೇ ಲೆಕ್ಕ. ಒಂದು ಊರಿನಲ್ಲಿ 60 ಬೈಕುಗಳಿದ್ದು, ವರ್ಷಕ್ಕೆ ಎರಡು ಸಲ ಮನೆಯಲ್ಲೇ ಆಯಿಲ್ ಬದಲಿಸುತ್ತಾರೆಂದು ಇಟ್ಟುಕೊಂಡರೆ 120 ಲೀಟರ್ ಆಯಿತು. ಎಂಜಿನ್ನಿನ ಬಿಸಿಯಲ್ಲಿ ಬೆಂದ ಈ ಎಣ್ಣೆಯಲ್ಲಿ ಲೋಹದ ಕಣಗಳೂ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳೂ ಸೇರಿಕೊಂಡಿರುತ್ತವೆ. ಗೆದ್ದಲು ಹಿಡಿಯಬಾರದೆಂದು ಬೇಲಿಯ ಗೂಟಕ್ಕೆ ಇದನ್ನು ಬಳಿಯುವ ರೂಢಿ ಹಲವೆಡೆ ಇದೆ. ಗೂಟದಿಂದ ತೊಳೆದುಹೋದ ಎಣ್ಣೆಯೂ ಅದೇ ಹಳ್ಳವನ್ನು ಸೇರುತ್ತದೆ.

ಕುದುರೆಮುಖದ ಗಣಿಯ ಹೂಳು ಭದ್ರೆಯನ್ನು ಸೇರುತ್ತಿದ್ದಾಗ ಮಲೆನಾಡಿನ ಜನ ಅದನ್ನು ಸಹಿಸಲಿಲ್ಲ. ವರ್ಷಗಟ್ಟಲೆ ಹೋರಾಟ ನಡೆಯಿತು. 2002ರಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿಯ ಹೂಳಿಗೂ ಮನೆಯ ಒಂದು ಡಬ್ಬಿ ಆಯಿಲ್‌ಗೂ ಹೋಲಿಕೆಯೇ ಇಲ್ಲ, ನಿಜ. ಆದರೆ ನದಿಯ ಪರವಾಗಿ ಮಾತನಾಡುವ ಊರಿನ ಹಳ್ಳದಲ್ಲಿ ಎಣ್ಣೆಯ ಬಣ್ಣಬಣ್ಣದ ಪೊರೆ ತೇಲುತ್ತಿದ್ದರೆ ಆ ಮಾತಿನ ತೂಕ ಕಡಿಮೆಯಾಗುತ್ತದೆ. ಅಬ್ಬಿಯ ನೀರನ್ನು ಕುಡಿಯುವ ಕೆಳಗಿನ ಮನೆಯವರ ಪಾಲಿಗೆ ಮೇಲಿನ ಮನೆಯ ಜಗಲಿಯೇ ಒಂದು ಕಾರ್ಖಾನೆ.

ಎರಡನೆಯದು ಬೆಂಕಿ ಮತ್ತು ಹೊಗೆ. ಮಳೆಗಾಲದಲ್ಲಿ ಬಚ್ಚಲಿನ ಒಲೆ ಆರುವುದೇ ಅಪರೂಪ. ಹಂಡೆಯ ನೀರು ಕಾಯುತ್ತಿರುತ್ತದೆ, ಮೇಲೆ ಬಟ್ಟೆ ಒಣಗುತ್ತಿರುತ್ತದೆ. ಅದೇ ಮನೆಯಲ್ಲಿ ಪೆಟ್ರೋಲಿನಿಂದ ಕಾರ್ಬುರೇಟರ್ ತೊಳೆಯುವುದು ಅಪಾಯಕ್ಕೆ ಕೊಡುವ ಆಹ್ವಾನ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗದೆ ನೆಲವನ್ನು ಹಿಡಿದು ಹರಿಯುತ್ತದೆ, ಹೊಸಿಲು ದಾಟಿ ಒಲೆಯವರೆಗೂ ಹೋಗಬಲ್ಲದು. ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಬೆಂಕಿ ಹಿಡಿಯುವಷ್ಟು ಆವಿ ಕೊಡುತ್ತದೆ. ಒಲೆ ಬೇರೆ ಕೋಣೆಯಲ್ಲಿದೆ ಎಂಬ ಸಮಾಧಾನಕ್ಕೆ ಇಲ್ಲಿ ಅರ್ಥವಿಲ್ಲ. ಗ್ರೀಸು, ಜಿಡ್ಡು ತೊಳೆಯಲು ಸೀಮೆಎಣ್ಣೆ ಸಾಕು, ಅದು ಪೆಟ್ರೋಲಿನಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ. ಆದರೂ ಅದನ್ನು ಒಲೆಯಿಂದ ದೂರ, ಹೊರಗಿನ ಗಾಳಿಯಲ್ಲೇ ಬಳಸಬೇಕು.

ರಿಪೇರಿ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ ನೋಡುವುದು ಸಹಜ. ಹೊರಗೆ ಮಳೆ, ಬಾಗಿಲು ಮುಚ್ಚಿದೆ, ಒಳಗೆ ಎಂಜಿನ್ ಓಡುತ್ತಿದೆ ಎಂದಾದರೆ ಅದು ಪ್ರಾಣಕ್ಕೇ ಎರವಾಗಬಹುದು. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಮಂಪರು. ಎದ್ದು ಹೊರಗೆ ಹೋಗಬೇಕೆಂದು ತಿಳಿಯುವ ಹೊತ್ತಿಗೆ ಏಳುವ ಶಕ್ತಿಯೇ ಉಳಿದಿರುವುದಿಲ್ಲ. ಒಂದು ಕಿಟಕಿ ತೆರೆದಿಟ್ಟರೆ ಸಾಕೆಂದು ಭಾವಿಸಬಾರದು. ಎಂಜಿನ್ನನ್ನು ಚಾಲೂ ಮಾಡುವುದು ಹೊರಗೇ ಆಗಬೇಕು.

ಮೂರನೆಯದು ಬ್ಯಾಟರಿ. ಮಳೆಗಾಲದಲ್ಲಿ ವಿದ್ಯುತ್ ಹೋದರೆ ದಿನಗಟ್ಟಲೆ ಬಾರದ ಊರುಗಳಲ್ಲಿ ಇನ್‌ವರ್ಟರ್, ಸೌರದೀಪ, ಕಿರು ಜಲವಿದ್ಯುತ್ ಘಟಕಗಳು ದೊಡ್ಡ ವರದಾನ. ಆದರೆ ಸೀಸ ಮತ್ತು ಆಮ್ಲದ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಸೀಸ. ಉಳಿದುದರಲ್ಲಿ ಬಹುಪಾಲು ಗಂಧಕಾಮ್ಲದ ದ್ರಾವಣ. ಸತ್ತ ಬ್ಯಾಟರಿಯನ್ನು ಒಡೆದು ಸೀಸ ತೆಗೆಯುವುದು, ಮೀನುಬಲೆಯ ಗುಂಡಿಗೆಂದು ಅದನ್ನು ಹಿತ್ತಿಲ ಒಲೆಯಲ್ಲಿ ಕರಗಿಸುವುದು ಎಂದಿಗೂ ಮಾಡಬಾರದ ಕೆಲಸ. ಸೀಸ ಕೇವಲ 327 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಕರಗುತ್ತದೆ. ಸೌದೆಯ ಒಲೆಗೆ ಅದು ಕಷ್ಟವೇ ಅಲ್ಲ. ಆ ಸುಲಭವೇ ಅಪಾಯದ ಮೂಲ.

ಸೆನೆಗಲ್ ದೇಶದ ಡಕಾರ್ ನಗರದ ಬಳಿ ಥಿಯಾರೋಯ್ ಸುರ್ ಮೇರ್ ಎಂಬ ಊರಿದೆ. ಅಲ್ಲಿ ಹಳೆಯ ಬ್ಯಾಟರಿಗಳನ್ನು ಒಡೆದ ಜಾಗದ ಮಣ್ಣಿನಲ್ಲಿ ಸೀಸ ಸಿಗುತ್ತದೆಂದು ಜನ ಮಣ್ಣನ್ನು ಜರಡಿ ಹಿಡಿದರು, ಚೀಲಗಳಲ್ಲಿ ಮನೆಗೂ ತಂದರು. 2007ರ ನವೆಂಬರಿನಿಂದ 2008ರ ಮಾರ್ಚ್‌ವರೆಗಿನ ಅಲ್ಪ ಅವಧಿಯಲ್ಲಿ 18 ಮಕ್ಕಳು ತೀರಿಕೊಂಡರು. ಪರೀಕ್ಷಿಸಿದಾಗ ಮನೆಗಳ ಒಳಗೂ ಸೀಸದ ಧೂಳು ಅಪಾರವಾಗಿ ಕಂಡುಬಂದಿತು. ಅವರು ಯಾರೂ ಕೇಡು ಬಯಸಿದವರಲ್ಲ. ಮನೆಯ ಖರ್ಚಿಗೆ ನಾಲ್ಕು ಕಾಸು ದುಡಿಯಲು ಹೊರಟವರು.

ರಕ್ತದಲ್ಲಿ ಇಷ್ಟು ಸೀಸವಿದ್ದರೆ ಚಿಂತೆಯಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೆಲದಲ್ಲಿ ಅಂಬೆಗಾಲಿಡುವ, ಕೈ ಬಾಯಿಗಿಡುವ ಕೂಸಿಗೆ ಅದು ಎಲ್ಲರಿಗಿಂತ ಹೆಚ್ಚು ತಗಲುತ್ತದೆ. ಮಿದುಳಿಗೆ ಆದ ಹಾನಿ ಸರಿಹೋಗುವುದಿಲ್ಲ. ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಆತಂಕಕಾರಿ ಮಟ್ಟದ ಸೀಸವಿದೆಯೆಂದು ಯುನಿಸೆಫ್ 2020ರ ವರದಿಯಲ್ಲಿ ತಿಳಿಸಿತು. ಅದು ಸುಮಾರು 80 ಕೋಟಿ ಮಕ್ಕಳ ಲೆಕ್ಕ.

ನಾಲ್ಕನೆಯದು ಔಷಧಿಯ ಪಂಪು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದ ಕಾಲದಿಂದ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಮಲೆನಾಡಿನ ಸಂಗಾತಿಯಾಗಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಸುಣ್ಣ ಕಡಿಮೆ ಬಿದ್ದರೆ ದ್ರಾವಣ ಹುಳಿಯಾಗಿಯೇ ಉಳಿದು ಪಂಪಿನ ಲೋಹವನ್ನು ತಿನ್ನುತ್ತದೆ. ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ, ಕೆಂಪು ಬಣ್ಣ ಕೂರುತ್ತದೆಯೇ ಎಂದು ನೋಡುವ ಹಿರಿಯರ ಪರೀಕ್ಷೆ ಇದಕ್ಕಾಗಿಯೇ ಇದೆ. ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಒಂದು ನಿಮಿಷದ ಈ ಪರೀಕ್ಷೆಯಿಂದ ಪಂಪಿನ ಅರ್ಧ ರಿಪೇರಿ ತಪ್ಪುತ್ತದೆ. ತಪ್ಪದೆ ಬಂದ ರಿಪೇರಿಯಲ್ಲಿ ಪಂಪನ್ನು ಹಳ್ಳದಲ್ಲಿ ತೊಳೆಯಬಾರದು. ನೀರಿನ ಸಣ್ಣ ಜೀವಿಗಳಿಗೂ ಮೀನಿನ ಮರಿಗಳಿಗೂ ತಾಮ್ರ ವಿಷ. ತೊಳೆದ ನೀರು ಬಾವಿಯಿಂದಲೂ ಹಳ್ಳದಿಂದಲೂ ದೂರದ ತೋಟದ ಮಣ್ಣಿಗೇ ಹೋಗಲಿ.

ಈ ನಾಲ್ಕರ ನಡುವೆ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ವಿಷಯವಿದೆ. ಜಗಲಿಯಲ್ಲಿ ಯಂತ್ರ ಬಿಚ್ಚುವವರು ಸಾಮಾನ್ಯವಾಗಿ ಗಂಡಸರು. ಯಂತ್ರ ಓಡಿತೆಂಬ ಹೊಗಳಿಕೆ ಅವರಿಗೆ ಸಲ್ಲುತ್ತದೆ. ಆಮೇಲೆ ಜಿಡ್ಡಿನ ನೆಲವನ್ನು ಉಜ್ಜುವವರು, ಗ್ರೀಸು ಮೆತ್ತಿದ ಅಂಗಿಯನ್ನು ಮಗುವಿನ ಬಟ್ಟೆಯ ಜತೆಗೇ ಒಗೆಯಬೇಕಾದವರು, ಸೀಮೆಎಣ್ಣೆಯ ವಾಸನೆ ಹೋಗದ ಬೋಗುಣಿಯನ್ನು ಮೂರು ಸಲ ತಿಕ್ಕುವವರು ಮನೆಯ ಹೆಂಗಸರು. ಯಂತ್ರದ ಕೊಳೆ ಅವರ ಕೈಗೆ, ಅವರ ಮಡಿಲಿನ ಕೂಸಿಗೆ ದಾಟುತ್ತದೆ. ಬಿಚ್ಚಿದವರೇ ಬಳಿದು ತೆಗೆಯಬೇಕೆಂಬ ನಿಯಮ ಪ್ರತಿ ಮನೆಯಲ್ಲೂ ಬಂದರೆ ಅರ್ಧ ಸಮಸ್ಯೆ ಅಲ್ಲಿಯೇ ಬಗೆಹರಿಯುತ್ತದೆ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಮನೆಯಿಂದ, ಬಾವಿಯಿಂದ, ದನದ ಮೇವಿನಿಂದ ದೂರವಾಗಿ ಒಂದು ಮಾಡು ಇಳಿಸಬೇಕು. ಮೂರು ಕಡೆ ಗಾಳಿಗೆ ತೆರೆದಿರಲಿ. ನೆಲಕ್ಕೆ ಸಿಮೆಂಟು ಹಾಕಿ, ಚೆಲ್ಲಿದ್ದು ಹೊರಗೆ ಹರಿಯದಂತೆ ಸುತ್ತಲೂ ನಾಲ್ಕು ಬೆರಳೆತ್ತರದ ಅಂಚು ಕಟ್ಟಬೇಕು. ಕೆಳಗಿಡಲು ಹಳೆಯ ತಗಡಿನ ತಟ್ಟೆ, ಚೆಲ್ಲಿದ ಎಣ್ಣೆಯನ್ನು ಹೀರಲು ಮರದ ಪುಡಿ, ಬ್ಯಾಟರಿಯ ಆಮ್ಲ ಚೆಲ್ಲಿದರೆ ಸುರಿಯಲು ಸುಣ್ಣ ಅಥವಾ ಅಡುಗೆ ಸೋಡಾ, ಸುಟ್ಟ ಆಯಿಲ್ ತುಂಬಲು ಮುಚ್ಚಳವಿರುವ ಕ್ಯಾನು, ಕೆಲಸಕ್ಕೇ ಮೀಸಲಾದ ಒಂದು ಜತೆ ಬಟ್ಟೆ, ಕೈ ತೊಳೆಯಲು ಸಾಬೂನು ಅಲ್ಲಿರಲಿ. ಅಡುಗೆಯ ಪಾತ್ರೆ ಅಲ್ಲಿಗೆ ಹೋಗಬಾರದು, ಅಲ್ಲಿಯ ಡಬ್ಬಿ ಅಡುಗೆಮನೆಗೆ ಬರಬಾರದು. ಪ್ರತಿ ಮನೆಗೂ ಇದು ಸಾಧ್ಯವಾಗದಿದ್ದರೆ ನಾಲ್ಕೈದು ಮನೆಗಳು ಸೇರಿ ಒಂದನ್ನು ಮಾಡಿಕೊಳ್ಳಬಹುದು. ಆಗ ಸ್ಪ್ಯಾನರಿನ ಸೆಟ್ಟೂ ಒಂದೇ ಸಾಕು, ಅನುಭವಿಗಳ ಕೈಚಳಕವೂ ಎಲ್ಲರಿಗೂ ದಕ್ಕುತ್ತದೆ.

ಸಂಗ್ರಹವಾದ ಸುಟ್ಟ ಆಯಿಲನ್ನು ಮಳೆಗಾಲ ಕಳೆದ ಮೇಲೆ ಪೇಟೆಯ ಗ್ಯಾರೇಜಿಗೆ ಒಪ್ಪಿಸಿ, ಅದು ಪರವಾನಗಿ ಇರುವ ಸಂಸ್ಕರಣೆಯವರಿಗೆ ಹೋಗುತ್ತದೆಯೇ ಎಂದು ಕೇಳಬೇಕು. ಸತ್ತ ಬ್ಯಾಟರಿಯನ್ನು ಒಡೆಯದೆ, ಆಮ್ಲ ಸುರಿಯದೆ, ನಿಲ್ಲಿಸಿಯೇ ಸಾಗಿಸಿ ಅಂಗಡಿಗೆ ಹಿಂದಿರುಗಿಸಬೇಕು. ಮಾರಾಟಗಾರರು ಹಳೆಯದನ್ನು ವಾಪಸು ಪಡೆಯಬೇಕೆಂಬ ನಿಯಮ 2001ರಲ್ಲೇ ಬಂದಿತ್ತು. 2022ರ ಹೊಸ ನಿಯಮಗಳು ಸಂಗ್ರಹದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಗ್ರಾಹಕರು ಕೇಳದಿದ್ದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ. ಹಳೆಯ ವೈರನ್ನು ಸುಟ್ಟು ತಾಮ್ರ ತೆಗೆಯುವುದನ್ನೂ ಬಿಡಬೇಕು. ಅದರ ಪಿವಿಸಿ ಹೊದಿಕೆ ಉರಿದಾಗ ಹುಟ್ಟುವ ಡಯಾಕ್ಸಿನ್, ಸ್ಟಾಕ್‌ಹೋಮ್ ಒಪ್ಪಂದವು ಮೊದಲ ಪಟ್ಟಿಯಲ್ಲೇ ಹೆಸರಿಸಿದ ವಿಷ. ಚಾಕುವಿನಿಂದ ಹೊದಿಕೆ ಸುಲಿದರೆ ಅದೇ ತಾಮ್ರ ಹೊಗೆಯಿಲ್ಲದೆ ಸಿಗುತ್ತದೆ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಇದೆ. ತಮ್ಮ ಊರಿನಲ್ಲಿ ಎಷ್ಟು ಎಂಜಿನ್ನುಗಳಿವೆ, ವರ್ಷಕ್ಕೆ ಎಷ್ಟು ಆಯಿಲ್ ಬದಲಾಗುತ್ತದೆ, ಅದು ಎಲ್ಲಿಗೆ ಹೋಗುತ್ತದೆ, ಸತ್ತ ಬ್ಯಾಟರಿಗಳು ಯಾರ ಅಟ್ಟದಲ್ಲಿವೆ ಎಂದು ಮನೆಮನೆಗೆ ಹೋಗಿ ಪಟ್ಟಿ ಮಾಡಬಹುದು. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿದರೆ ಪಂಚಾಯಿತಿಯೂ ಒಂದು ಸಂಗ್ರಹದ ಡ್ರಮ್ಮು ಇಡಲು ಮನಸ್ಸು ಮಾಡೀತು. ಯಂತ್ರ ಬಿಚ್ಚುವುದನ್ನು ಹುಡುಗಿಯರೂ ಕಲಿಯಲಿ, ನೆಲ ಒರೆಸುವುದನ್ನು ಹುಡುಗರೂ ಕಲಿಯಲಿ.

ಮಲೆನಾಡಿನ ಹಿರಿಯರು ಸೂತಕಕ್ಕೆ, ಮಡಿಗೆ ಮನೆಯಲ್ಲಿ ಜಾಗಗಳನ್ನು ಬೇರೆ ಮಾಡಿದ್ದರು. ಅವುಗಳಲ್ಲಿ ಹಲವನ್ನು ಕಾಲ ಕೈಬಿಟ್ಟಿದೆ, ಬಿಡಬೇಕಾದುದೂ ಹೌದು. ಎಣ್ಣೆಗೂ ಅನ್ನಕ್ಕೂ, ಸೀಸಕ್ಕೂ ಕೂಸಿಗೂ ನಡುವೆ ಒಂದು ಅಂಗಳದಷ್ಟು ಅಂತರವನ್ನು ಮಾತ್ರ ಈ ಕಾಲ ಹೊಸದಾಗಿ ಕಟ್ಟಿಕೊಳ್ಳಬೇಕಾಗಿದೆ. ಈ ಮಳೆಗಾಲ ಹಿಡಿಯುವ ಮೊದಲೇ ಊರಿಗೊಂದು ಮಾಡು ಎದ್ದು ನಿಲ್ಲಲಿ.